ತೊಟ್ಟಿಗಿಂತ ಮೊದಲು ಪೈಪಿನ ಲೆಕ್ಕ



ಕೋಸಗಿ, ಆದೋನಿ ಸೀಮೆಯಲ್ಲಿ ನೀರಿನ ಬೆಲೆ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ಎಲ್ಲರ ಹೊಲಕ್ಕೂ ಮುಟ್ಟುವುದಿಲ್ಲ. ಬೋರಿನ ನೀರು ಸಣ್ಣಗೆ ಬರುತ್ತದೆ. ಬರುವುದೂ ಕರೆಂಟು ಇರುವ ಹೊತ್ತಿಗೆ ಮಾತ್ರ. ಆದುದರಿಂದ ನೆಲದ ಮೇಲೆ ದುಂಡನೆಯ ತೊಟ್ಟಿ ಕಟ್ಟಿ, ನೀರು ತುಂಬಿಸಿಕೊಂಡು, ಬೇಕಾದಾಗ ಬಿಡುವುದು ಜಾಣತನವೇ. ಬೇಸಿಗೆಯಲ್ಲಿ ಅದೇ ತೊಟ್ಟಿ ಮಕ್ಕಳ ಈಜುಕೊಳವೂ ಆಗುತ್ತದೆ.

ಆದರೆ ನಾವು ಕಾಣುತ್ತಿರುವ ಕ್ರಮ ತಲೆಕೆಳಗು. ಮೊದಲು ಗೋಡೆ ಏಳುತ್ತದೆ, ಗಿಲಾವು ಮುಗಿಯುತ್ತದೆ, ಆಮೇಲೆ ಉಳಿ ಸುತ್ತಿಗೆ ಹಿಡಿದು ಪೈಪಿಗೆ ತೂತು ಹೊಡೆಯುತ್ತಾರೆ. ಆ ತೂತು ಜೀವನಪೂರ್ತಿ ಸೋರುತ್ತದೆ. ಪೈಪು, ವಾಲ್ವು, ಮೋಟಾರಿನ ಜಾಗ ಕಾಗದದ ಮೇಲೆ ತೀರ್ಮಾನವಾಗುವ ತನಕ ಮೊದಲ ಇಟ್ಟಿಗೆ ಇಡಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ಅಳತೆ. 3 ಮೀಟರ್ ಅಗಲದ ದುಂಡು ತೊಟ್ಟಿಯಲ್ಲಿ 1.2 ಮೀಟರ್ ನೀರು ನಿಂತರೆ ಸುಮಾರು 8,500 ಲೀಟರ್, ಅಂದರೆ ಎಂಟೂವರೆ ಟನ್ ಭಾರ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದ್ದು. ಬುಡ ಗಟ್ಟಿಯಿಲ್ಲದಿದ್ದರೆ ತೊಟ್ಟಿ ಕುಸಿದು, ಪೈಪು ಸೇರುವ ಜಾಗವೇ ಮೊದಲು ಒಡೆಯುತ್ತದೆ. ತೊಟ್ಟಿಗೂ ಮೋಟಾರಿಗೂ ನಡುವೆ ಬಾಗುವಂಥ ಗಟ್ಟಿ ಹೋಸಿನ ಒಂದು ತುಂಡು ಇದ್ದರೆ ಈ ಎಳೆತ ತಡೆದುಕೊಳ್ಳುತ್ತದೆ.

ತೊಟ್ಟಿಗೆ ನಾಲ್ಕು ಬಾಯಿ ಬೇಕು. ನೀರು ಒಳಗೆ ಬರುವ ಬಾಯಿ ತುಂಬಿದ ಮಟ್ಟಕ್ಕಿಂತ ಒಂದು ಗೇಣು ಮೇಲಿರಲಿ. ಮೋಟಾರಿಗೆ ಹೋಗುವ ಬಾಯಿ ತಳದಿಂದ ಅರ್ಧ ಅಡಿ ಮೇಲಿರಲಿ, ಕೆಸರು ಒಳಗೆ ಹೋಗದು. ತೊಳೆಯುವ ಬಾಯಿ ಎಲ್ಲಕ್ಕಿಂತ ಕೆಳಗೆ, ತಳದ ಇಳಿಜಾರಿನ ತುದಿಯಲ್ಲಿರಲಿ. ಹೆಚ್ಚಾದ ನೀರು ಹೊರಹೋಗುವ ಬಾಯಿ ಒಳಬರುವ ಪೈಪಿಗಿಂತ ದೊಡ್ಡದಿರಲಿ. ಆ ನೀರನ್ನು ನುಗ್ಗೆಗೋ ನಿಂಬೆಗೋ ತಿರುಗಿಸಿ.

ಮೊದಲನೆಯ ಬಾಯಿಯ ವಿಷಯ ಆರೋಗ್ಯಕ್ಕೂ ಸೇರಿದ್ದು. ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಔಷಧಿಯನ್ನು ಕೆಲವರು ತೊಟ್ಟಿಯ ದಂಡೆಯಲ್ಲೇ ಕಲಸುತ್ತಾರೆ. ಪೈಪಿನ ತುದಿ ನೀರಿನಲ್ಲಿ ಮುಳುಗಿದ್ದು ಕರೆಂಟು ಹೋದರೆ, ತೊಟ್ಟಿಯ ನೀರು ಹಿಂದಕ್ಕೆಳೆದು ಬೋರಿಗೆ ಇಳಿಯಬಹುದು. ನೀವು ಕುಡಿಯುವುದೂ ಅದೇ ಬೋರಿನ ನೀರು! ಪೈಪಿನ ತುದಿ ಮೇಲಿಡುವುದಕ್ಕೆ ಖರ್ಚಿಲ್ಲ. ಜೊತೆಗೆ ನೀರು ಹಿಂದಿರುಗದ ವಾಲ್ವು ಹಾಕಿಸಿ. ಔಷಧಿ ಕಲಸುವುದು ದೂರದಲ್ಲಾಗಲಿ.

ಇನ್ನು ಮೋಟಾರು. "ದೊಡ್ಡದು ಹಾಕಿದರೆ ಎಲ್ಲಾ ಸರಿಹೋಗುತ್ತದೆ" ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಎರಡು ಅಂಗುಲದ ಬದಲು ಒಂದು ಅಂಗುಲದ ಪೈಪಿನಲ್ಲಿ ಅಷ್ಟೇ ನೀರು ತಳ್ಳಬೇಕಾದರೆ ಘರ್ಷಣೆಯ ನಷ್ಟ ಸುಮಾರು 30 ಪಟ್ಟಾಗುತ್ತದೆ. ಆದುದರಿಂದ ಹಣವನ್ನು ಮೊದಲು ಪೈಪಿನ ಅಗಲಕ್ಕೆ ಹಾಕಿ, ಎಲ್ಬೋ ಕಡಿಮೆ ಮಾಡಿ. ಹನಿ ನೀರಾವರಿಗೆ ಸಾಮಾನ್ಯವಾಗಿ 10 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಬೇಕು. ನೆಲದ ಮೇಲಿನ ತೊಟ್ಟಿ ಅದರ ಎಂಟನೇ ಒಂದು ಭಾಗ ಕೊಟ್ಟೀತು. ಅದಕ್ಕೇ ಮೋಟಾರೂ ಬೇಕು, ಮುಂದೆ ಫಿಲ್ಟರೂ ಬೇಕು. ಗಂಟೆಗೆ 4 ಲೀಟರ್ ಬಿಡುವ 500 ಹನಿಬಾಯಿಗಳಿದ್ದರೆ ಗಂಟೆಗೆ 2,000 ಲೀಟರ್ ಸಾಕು. ಅಷ್ಟು ಕೆಲಸಕ್ಕೆ ತಕ್ಕ ಮೋಟಾರು ಕೊಳ್ಳಿ.

ಮೋಟಾರನ್ನು ನೀರಿನ ಮಟ್ಟಕ್ಕಿಂತ ಕೆಳಗೆ, ಆದರೆ ಗೇಣೆತ್ತರದ ಕಟ್ಟೆಯ ಮೇಲೆ, ನೆರಳಿನಲ್ಲಿ ಕೂರಿಸಿ. ಆಗ ನೀರು ತಾನೇ ಬಂದು ತುಂಬುತ್ತದೆ. ದಿನವೂ ಕೊಡದಿಂದ ಹೊಯ್ಯುವ ಕಷ್ಟವಿಲ್ಲ. ಎರಡೂ ಬದಿಗೆ ಒಂದೊಂದು ವಾಲ್ವು, ಒಂದೊಂದು ಯೂನಿಯನ್ ಇರಲಿ. ಇಲ್ಲದಿದ್ದರೆ ರಿಪೇರಿಗೆ ಮೋಟಾರು ಬಿಚ್ಚುವ ದಿನ ತೊಟ್ಟಿಯ ನೀರೆಲ್ಲ ಹೊಲದ ಪಾಲು.

ಕೊನೆಯದಾಗಿ ಮಕ್ಕಳ ವಿಷಯ. ಮೇಲಿನದೆಲ್ಲ ತಪ್ಪಿದರೆ ಹಣ ಹೋದೀತು, ಇದು ತಪ್ಪಿದರೆ ಜೀವವೇ ಹೋಗುತ್ತದೆ. ಮೋಟಾರು ಎಳೆಯುವ ಬಾಯಿಗೆ ಕೈಯೋ ಕೂದಲೋ ಸಿಕ್ಕಿದರೆ ಮಗು ಮೇಲೇಳಲಾರದು. ಆ ಬಾಯಿಗೆ ಅಗಲವಾದ ಜಾಲರಿ ಬಿಗಿಯಲೇಬೇಕು. ಮೋಟಾರಿಗೆ ಅರ್ಥಿಂಗ್ ಸರಿಯಾಗಿರಲಿ. ವಿದ್ಯುತ್ ಸೋರಿದ ಕೂಡಲೇ ತಾನೇ ಕಡಿದುಕೊಳ್ಳುವ 30 ಮಿಲಿ ಆಂಪಿಯರಿನ ಸ್ವಿಚ್ಚನ್ನೂ ಹಾಕಿಸಿ. ಮೋಟಾರು ಓಡುವಾಗ ಯಾರೂ ನೀರಿಗಿಳಿಯಬಾರದು. ಹಿರಿಯರು ದಂಡೆಯಲ್ಲಿ ಇಲ್ಲದೆ ಮಕ್ಕಳು ಇಳಿಯಬಾರದು; ಮೂರು ಅಡಿ ನೀರೂ ಸಣ್ಣ ಮಗುವಿಗೆ ಆಳವೇ. ಏಣಿ ಹೊರಗೆ ಬಿಡಬೇಡಿ.

ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೆಳೆಯಲು ಏಳೆಂಟು ದಿನ ಸಾಕು. ತೊಳೆಯುವ ಬಾಯಿ ಇದ್ದರೆ ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಉಜ್ಜಬಹುದು, ಆ ನೀರು ಬೆಳೆಗೇ ಹೋಗುತ್ತದೆ. ಬರಿದು ಮಾಡಲಾಗದಿದ್ದರೆ ಮುಚ್ಚಿಡಿ, ಅಥವಾ ಸೊಳ್ಳೆಮರಿ ತಿನ್ನುವ ಗಂಬೂಸಿಯ ಮೀನು ಬಿಡಿ.

ಬಾಂಧವರೇ, ಮೇಸ್ತ್ರಿ, ಪೈಪಿನ ಕೆಲಸದವರು, ಮನೆಯ ಹೆಣ್ಣುಮಕ್ಕಳು ಒಂದು ಸಂಜೆ ಒಟ್ಟಿಗೆ ಕೂತು ನಕ್ಷೆ ಬರೆಯಲಿ. ದಿನವೂ ಆ ನೀರು ಬಳಸುವವರ ಮಾತು ಕೇಳಿ ಬರೆದ ನಕ್ಷೆಯೇ ಬಾಳಿಕೆ ಬರುವುದು. ಗುದ್ದಲಿ ಹಿಡಿಯುವುದು ಮರುದಿನವಾದರೂ ನಷ್ಟವಿಲ್ಲ.