ದುರ್ಯೋಧನನ ಪಾತ್ರದ ದುಡ್ಡು

ಕೆಲಮಂಗಲದಲ್ಲಿ ಟಿವಿಯ ‘ಬಿಗ್ ಬಾಸ್’ ಆಟ ವರ್ಷಕ್ಕೆ ಮೂರು ಸಲ ಶುರುವಾಗುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ನಾಗಾರ್ಜುನ ತೆಲುಗಿನ ಮನೆಯ ಬಾಗಿಲು ತೆಗೆಯುತ್ತಾರೆ, ತಿಂಗಳ ಕೊನೆಗೆ ಸುದೀಪ್ ಕನ್ನಡದ್ದನ್ನು, ಅಕ್ಟೋಬರ್ ಮೊದಲ ವಾರ ವಿಜಯ್ ಸೇತುಪತಿ ತಮಿಳಿನದನ್ನು. 1956ರಲ್ಲಿ ಗಡಿಗೆರೆ ಎಳೆದಾಗ ನಮ್ಮ ಹೊಸೂರು, ಡೆಂಕಣಿಕೋಟೆ ಸೀಮೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಮನೆಯ ಮಾತು ಮಾತ್ರ ಗೆರೆಯ ಗೊಡವೆಗೆ ಹೋಗಲಿಲ್ಲ. ಅಜ್ಜಿ ತೆಲುಗಿನಲ್ಲಿ ಗದರುತ್ತಾಳೆ, ಮಕ್ಕಳು ತಮಿಳಿನಲ್ಲಿ ಪರೀಕ್ಷೆ ಬರೆಯುತ್ತಾರೆ, ಜಗಳ ಮಾತ್ರ ಕನ್ನಡದಲ್ಲಿ. ಹಾಗಾಗಿ ಒಂದೇ ಆಟವನ್ನು ಮೂರು ಭಾಷೆಯಲ್ಲಿ ನೋಡಿ ಹೋಲಿಸುವ ಸೌಕರ್ಯ ನಮಗಿದೆ. ಬೆಂಗಳೂರಿನವರಿಗೆ ಅಷ್ಟು ಪುರುಸೊತ್ತು ಇದ್ದಂತಿಲ್ಲ.

2025ರ ಸೆಪ್ಟೆಂಬರ್ 28ರಂದು ಕನ್ನಡದ ಹನ್ನೆರಡನೇ ಸೀಸನ್ ಆರಂಭವಾಯಿತು. ಒಂಟಿಗಳು, ಜಂಟಿಗಳು ಎಂದು ಸ್ಪರ್ಧಿಗಳನ್ನು ಎರಡು ಬಗೆ ಮಾಡಿದ್ದರು. ಅಂದು ಬಂದವರಲ್ಲಿ ರಕ್ಷಿತಾ ಶೆಟ್ಟಿ ಒಬ್ಬರು. ಕರಾವಳಿ ಮೂಲ, ಬೆಳೆದದ್ದು ಮುಂಬೈಯಲ್ಲಿ, ಹೆಸರಾದದ್ದು ಯೂಟ್ಯೂಬ್‌ನಲ್ಲಿ. ಅವರ ಕನ್ನಡದಲ್ಲಿ ತುಳುವೂ ಇದೆ, ಮುಂಬೈಯೂ ಇದೆ. ಒಳಗಿದ್ದ ಸ್ಪರ್ಧಿಗಳ ಕೈಗೇ ತೀರ್ಮಾನ ಕೊಟ್ಟು, ಮೊದಲ ದಿನವೇ ಅವರನ್ನು ಹೊರಗೆ ಕಳಿಸಲಾಯಿತು. ಕೆಲವು ದಿನ ಕಳೆದ ಮೇಲೆ ಮತ್ತೆ ಕರೆತಂದರು.

ಅವರು ಹೊರಬಿದ್ದ ಮಾರನೆಯ ಬೆಳಿಗ್ಗೆ ಟೀ ಅಂಗಡಿಯಲ್ಲಿ ಕೇಳಿದ ಮಾತು ಒಂದೇ: ‘ಮೋಸ ಕಣಪ್ಪಾ.’ ವಾಪಸು ಬಂದಾಗಲೂ ಅದೇ ಮಾತು, ಆಡಿದವರು ಬೇರೆ.

ಯಾವುದು ಮೋಸ? ಇದ್ದ ನಿಯಮವನ್ನು ಯಾರೂ ಮುರಿದಿರಲಿಲ್ಲ. ಏನು ಬೇಕಾದರೂ ಆಗಬಹುದು ಎಂಬುದೇ ಈ ಆಟದ ನಿಯಮವೆಂದು ಅದರ ಪರ ಇರುವವರು ಹೇಳುತ್ತಾರೆ. ಮಾತು ಜಾಣತನದ್ದು. ಆದರೆ ಏನು ಬೇಕಾದರೂ ಆಗಬಹುದಾದ ಜಾಗದಲ್ಲಿ ಸೋಲು ಗೆಲುವು ಎಂಬ ಪದಗಳಿಗೆ ಕೆಲಸವೇನು? ಖೊಖೊ ಆಟದಲ್ಲಿ ಔಟಾದವನು ಓಡಿ ಔಟಾಗಿರುತ್ತಾನೆ. ಇಲ್ಲಿ ಓಡುವ ಮೊದಲೇ ಔಟು. ಒಳಗಿನವರ ಮುಂದೆ ಇದ್ದದ್ದು ಕೆಲವು ನಿಮಿಷಗಳ ಪರಿಚಯ, ಒಂದಿಷ್ಟು ಮಾತು. ಅಷ್ಟರಲ್ಲಿ ಅಳೆಯಲು ಸಿಗುವುದು ಉಡುಪು, ಧಾಟಿ, ಉಚ್ಚಾರ. ಅದೂ ಅಲ್ಲದೆ, ಯಾರು ಹೋಗಬೇಕೆಂದು ಎದುರಾಳಿಗಳನ್ನೇ ಕೇಳಿದರೆ ಅವರು ನ್ಯಾಯ ಹೇಳುವುದುಂಟೇ? ತಮಗೆ ಅನುಕೂಲವಾದದ್ದನ್ನು ಹೇಳುತ್ತಾರೆ. ತಪ್ಪು ಅವರದೂ ಅಲ್ಲ. ಅವರು ಆಡಲು ಬಂದವರು.

ಇದನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಪೌರಾಣಿಕ ನಾಟಕ. ಆನೇಕಲ್‌ನಿಂದ ಹಿಡಿದು ಮಂಡ್ಯ, ತುಮಕೂರಿನವರೆಗೆ ಊರ ಹಬ್ಬಕ್ಕೆ ಕುರುಕ್ಷೇತ್ರ ಆಡುವವರು ಕಸುಬಿನ ನಟರಲ್ಲ. ಟೊಮ್ಯಾಟೊ ಬೆಳೆಯುವವರು, ಬಸ್ ಓಡಿಸುವವರು, ಅಂಗಡಿ ಇಟ್ಟವರು. ಸಂಬಳವಿಲ್ಲ, ಪಾತ್ರ ಬೇಕಾದವನೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು. ಯಾಕೆಂದರೆ ಹಾಡು ಹೆಚ್ಚು, ಕಿರೀಟ ದೊಡ್ಡದು, ಗದೆ ಬೇರೆ. ಕೃಷ್ಣನಿಗೂ ಬೇಡಿಕೆ, ಒಬ್ಬನಿಗೇ ಕೊಟ್ಟರೆ ಜಗಳವಾಗುತ್ತದೆಂದು ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾಲು ಮಾಡುತ್ತಾರೆ. ಸಣ್ಣ ಪಾತ್ರದವನು ಸ್ವಲ್ಪ ಕೊಟ್ಟು ಮೂಲೆಯಲ್ಲಿ ನಿಲ್ಲುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ರಾಗವೇ ಬಾರದವನು ದುರ್ಯೋಧನನಾಗಿ ಇಡೀ ರಾತ್ರಿ ಗಂಟಲು ಹರಿದುಕೊಂಡದ್ದನ್ನು ನಾನೂ ಕೇಳಿದ್ದೇನೆ. ಬೆಳಗಿನ ಜಾವಕ್ಕೆ ಭೀಮ ತೊಡೆ ಮುರಿದಾಗ ಜನ ಶಿಳ್ಳೆ ಹೊಡೆದದ್ದು ಕಥೆಯ ಖುಷಿಗೋ ಹಾಡು ನಿಂತ ಖುಷಿಗೋ ಹೇಳುವುದು ಕಷ್ಟ.

ನ್ಯಾಯದ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಪಾತ್ರಹಂಚಿಕೆ ಇರಲಾರದು. ದುಡ್ಡಿದ್ದವನಿಗೆ ಕಿರೀಟ. ಆದರೂ ಮೋಸ ಎಂಬ ಮಾತು ಅಲ್ಲಿ ಹುಟ್ಟುವುದಿಲ್ಲ. ಹಂಚಿಕೆ ನಡೆಯುವುದು ದೇವಸ್ಥಾನದ ಜಗಲಿಯ ಮೇಲೆ, ಹತ್ತು ಜನರ ಎದುರು. ಯಾರು ಎಷ್ಟು ಕಟ್ಟಿದರೆಂದು ಊರಿಗೆಲ್ಲ ಗೊತ್ತು. ಮುಖ್ಯವಾಗಿ, ಅದನ್ನು ಯಾರೂ ಸ್ಪರ್ಧೆ ಎಂದು ಕರೆಯುವುದಿಲ್ಲ. ನಮ್ಮ ಧರ್ಮಪುರಿ, ಕೃಷ್ಣಗಿರಿ ಕಡೆ ದ್ರೌಪದಿ ಅಮ್ಮನ ಉತ್ಸವಗಳಲ್ಲಿ ದುರ್ಯೋಧನನ ಭಾರೀ ಮಣ್ಣಿನ ಮೂರ್ತಿಯನ್ನು ನೆಲದ ಮೇಲೆ ಮಲಗಿಸಿ ಮಾಡುತ್ತಾರೆ. ಅವನು ಸೋಲುವುದು ಮೂರ್ತಿ ಮಾಡುವ ದಿನವೇ ಎಲ್ಲರಿಗೂ ಗೊತ್ತು.

ಟಿವಿಯ ಆಟ ಜಗಲಿಯನ್ನು ಮುಚ್ಚಿಟ್ಟು ರಂಗವನ್ನು ಮಾತ್ರ ತೋರಿಸುತ್ತದೆ. ಒಬ್ಬ ಧಾರಾವಾಹಿ ನಟಿ, ಒಬ್ಬ ಹಾಸ್ಯನಟ, ಒಬ್ಬ ವಿವಾದದ ವ್ಯಕ್ತಿ, ಒಬ್ಬ ಹಳ್ಳಿಯವನು: ಸೀಸನ್‌ಗಳು ಬದಲಾದರೂ ಪಂಕ್ತಿ ಹೆಚ್ಚುಕಡಿಮೆ ಅದೇ. ಇದು ಪಾತ್ರಹಂಚಿಕೆ, ಮತ್ತು ಮನರಂಜನೆಗೆ ಪಾತ್ರ ಹಂಚುವುದು ಅಪರಾಧವೇನಲ್ಲ. ಹಂಚಿ ಮುಗಿದ ಮೇಲೆ, ತೀರ್ಮಾನ ನಿಮ್ಮ ಕೈಯಲ್ಲಿದೆ ಎಂದು ನೋಡುವವರಿಗೆ ಹೇಳುವುದು ನನ್ನ ತಕರಾರು.

ಅಮೆರಿಕದಲ್ಲಿ ಇದು ಬೇರೆ ರೂಪದಲ್ಲಿ ಒಮ್ಮೆ ಬಯಲಾಗಿತ್ತು. ‘ಟ್ವೆಂಟಿ ಒನ್’ ಎಂಬ ಕ್ವಿಜ್‌ನಲ್ಲಿ ಹರ್ಬರ್ಟ್ ಸ್ಟೆಂಪೆಲ್ ವಾರಗಟ್ಟಲೆ ಗೆಲ್ಲುತ್ತಿದ್ದ. 1956ರ ಡಿಸೆಂಬರ್‌ನಲ್ಲಿ, ಹಿಂದಿನ ವರ್ಷದ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಗೆದ್ದ ಸಿನಿಮಾ ಯಾವುದೆಂದು ಕೇಳಿದಾಗ ಉತ್ತರ ‘ಮಾರ್ಟಿ’ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಪ್ಪು ಉತ್ತರ ಹೇಳಬೇಕೆಂದು ನಿರ್ಮಾಪಕರು ಮೊದಲೇ ಅಪ್ಪಣೆ ಕೊಟ್ಟಿದ್ದರು, ಹಾಗೇ ಹೇಳಿದ. ಅವನ ಜಾಗಕ್ಕೆ ಬಂದವನು ಚಾರ್ಲ್ಸ್ ವ್ಯಾನ್ ಡೋರೆನ್, ಕೊಲಂಬಿಯಾ ವಿಶ್ವವಿದ್ಯಾಲಯದ ಚಂದದ ಮೇಷ್ಟ್ರು. 1959ರಲ್ಲಿ ಅವನು ಸಂಸತ್ ಸಮಿತಿಯ ಮುಂದೆ ಎಲ್ಲ ಒಪ್ಪಿಕೊಂಡ. ಮರುವರ್ಷವೇ ಅಲ್ಲಿ ಇಂಥ ಕ್ವಿಜ್‌ಗಳ ಫಲಿತಾಂಶವನ್ನು ಮೊದಲೇ ಹೊಂದಿಸಿಡುವುದನ್ನು ತಡೆಯುವ ಕಾನೂನು ಬಂತು. ನಮ್ಮ ಬಿಗ್ ಬಾಸ್‌ನಲ್ಲಿ ಹಾಗೆ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ನನಗೆ ಕುತೂಹಲ ಹುಟ್ಟಿಸುವುದು ಬೇರೆ ಸಂಗತಿ: ಸ್ಟೆಂಪೆಲ್‌ನನ್ನು ಇಳಿಸಿದ್ದು ಅವನಿಗೆ ಉತ್ತರ ಬಾರದ್ದಕ್ಕಲ್ಲ, ಜನರಿಗೆ ಅವನ ಮುಖ ಸಾಕಾಗಿದ್ದಕ್ಕೆ.

ಕನ್ನಡದವರೂ ತೆಲುಗಿನವರೂ ಜಗಲಿಯನ್ನು ಸ್ವಲ್ಪ ತೆರೆಯಲು ನೋಡಿದ್ದುಂಟು. 2023ರಲ್ಲಿ ಕನ್ನಡದ ಹತ್ತನೇ ಸೀಸನ್ ಆರಂಭದ ದಿನ ಸಭಾಂಗಣದಲ್ಲಿ ಕುಳಿತವರೇ ಮತ ಹಾಕಿದರು. ಶೇ 80 ದಾಟಿದವರು ನೇರ ಒಳಗೆ, 40ಕ್ಕಿಂತ ಕಡಿಮೆ ಬಂದವರು ಮನೆಗೆ, ನಡುವಿನವರು ಕಾಯುವ ಪಟ್ಟಿಗೆ. ಮೊದಲೇ ಹೆಸರಾದವರಿಗೆ ಹೆಚ್ಚು ಕೈ ಎತ್ತುವುದು ಸಹಜ, ಅದರಲ್ಲಿ ನ್ಯಾಯ ಎಷ್ಟಿತ್ತೋ ಕಾಣೆ. ಆದರೆ ಅಳತೆಗೋಲು ಕಣ್ಣಮುಂದೆ ಇತ್ತು. 2025ರಲ್ಲಿ ತೆಲುಗಿನವರು ‘ಅಗ್ನಿಪರೀಕ್ಷ’ ಎಂಬ ಪ್ರತ್ಯೇಕ ಕಾರ್ಯಕ್ರಮವನ್ನೇ ಮಾಡಿ ಸಾಮಾನ್ಯ ಜನರನ್ನು ಆರಿಸಿದರು. ನನ್ನ ಲೆಕ್ಕದಲ್ಲಿ ಎರಡರಲ್ಲಿ ಇದೇ ಮೇಲು. ಯಾರು ಯಾಕೆ ಹೋದರು ಎಂದು ಪಕ್ಕದ ಮನೆಯ ಅಜ್ಜಿಯೂ ವಿವರಿಸಬಲ್ಲಳು.

ಜನ ಕೊನೆಗೆ ಸರಿಮಾಡುತ್ತಾರೆ ಎಂಬ ವಾದವೂ ಇದೆ. ಪೂರ್ತಿ ಸುಳ್ಳಲ್ಲ. ಕನ್ನಡದ ಐದನೇ ಸೀಸನ್‌ನಲ್ಲಿ ಸೇಲ್ಸ್‌ಮನ್ ದಿವಾಕರ್ ಎರಡನೇ ಸ್ಥಾನಕ್ಕೆ ಬಂದರು, ಆರನೆಯದನ್ನು ರೈತ ಶಶಿಕುಮಾರ್ ಗೆದ್ದರು. ಹನ್ನೊಂದನೆಯದರಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ ಆಟ ಶುರುವಾದ ಮೇಲೆ ವೈಲ್ಡ್ ಕಾರ್ಡ್‌ನಲ್ಲಿ ಬಂದು, 2025ರ ಜನವರಿಯಲ್ಲಿ ಗೆದ್ದರು. ಅವರಿಗೆ ಬಿದ್ದ ಮತ 5 ಕೋಟಿಗೂ ಹೆಚ್ಚು. 2024ರ ಲೋಕಸಭಾ ಚುನಾವಣೆಗೆ ಕರ್ನಾಟಕದ ಒಟ್ಟು ಮತದಾರರೇ ಸುಮಾರು 5.47 ಕೋಟಿ. ಒಬ್ಬರೇ ಹಲವು ಮತ ಒತ್ತಬಹುದಾದ್ದರಿಂದ ಇದು ಜನರ ಸಂಖ್ಯೆ ಅಲ್ಲ, ಬೆರಳುಗಳ ಶ್ರಮ. ನಮ್ಮೂರಿನ ಬೆರಳುಗಳೂ ಅದರಲ್ಲಿವೆ. ತಮಿಳುನಾಡಿನವರೆಂದು ಯಾವ ಆ್ಯಪೂ ನಮ್ಮನ್ನು ತಡೆಯಲಿಲ್ಲ. ಮೊದಲು ಬಂದವರಿಗಿಂತ ಕಡಿಮೆ ದಿನ ಒಳಗಿದ್ದು ಗೆದ್ದದ್ದು ಸರಿಯೇ ಎಂದು ಆಗ ಕೇಳಿದವರು ಕಡಿಮೆ. ನಾನೂ ಕೇಳಲಿಲ್ಲ, ಹನುಮಂತ ನನಗೂ ಇಷ್ಟವಾಗಿದ್ದರು. ನ್ಯಾಯದ ಬಗ್ಗೆ ನಮ್ಮ ಸಿಟ್ಟು ಎಷ್ಟು ಪ್ರಾಮಾಣಿಕ ಎಂಬುದಕ್ಕೆ ಇದೊಂದು ಸಾಕ್ಷಿ.

ಆದರೆ ಮತ ಆರಿಸುವುದು ಒಳಗೆ ಬಿಟ್ಟವರಲ್ಲಿ ಒಬ್ಬರನ್ನು. ಒಳಗೆ ಬಿಡುವಾಗ ಪಾತ್ರವೂ ಜೊತೆಗೇ ಬರುತ್ತದೆ. ಹಳ್ಳಿಯವನು ಲುಂಗಿಯಲ್ಲಿ ಮುಗ್ಧನಾಗಿರಬೇಕು. ಬೇರೆ ಸೀಮೆಯ ಕನ್ನಡದವಳು ತಡವರಿಸಿ ನಗಿಸಬೇಕು. ರಕ್ಷಿತಾ ಅವರ ಮಾತು ಕೇಳಿ ನಕ್ಕವರಲ್ಲಿ ನಮ್ಮೂರಿನವರೂ ಇದ್ದರು, ಅದೂ ತೆಲುಗಿನ ಕ್ರಿಯಾಪದಕ್ಕೆ ಕನ್ನಡದ ಬಾಲ ಹಚ್ಚಿ ಮಾತಾಡುವ ನಾವು! ಆ ಬಾಗಿಲಿಗೆ ನಮ್ಮಲ್ಲೊಬ್ಬರು ಹೋದರೆ ಯಾವ ಪಾತ್ರ ಸಿಗುತ್ತದೆಂದು ಊಹಿಸಲು ಕಷ್ಟವಿಲ್ಲ.

ಜಗಲಿಯ ಮೇಲೆ ನಡೆದದ್ದನ್ನು ಆರಂಭದ ದಿನವೇ ಹೇಳಿಬಿಟ್ಟರೆ ಅರ್ಧ ಜಗಳ ಇಳಿಯುತ್ತದೆ. ಇವರನ್ನು ಆರಿಸಿದ್ದು ಇದಕ್ಕೆ, ಇವರ ಸಂಭಾವನೆ ಇಷ್ಟು, ತಡವಾಗಿ ಬರುವವರಿಗೆ ನಿಯಮ ಇದು. ಆಟದ ರುಚಿ ಕೆಟ್ಟೀತು ಎಂಬ ಭಯ ಬೇಡ. ಕುರುಕ್ಷೇತ್ರದ ಕೊನೆ ಗೊತ್ತಿದ್ದೂ ಜನ ಬೆಳಗಿನವರೆಗೆ ಕೂರುತ್ತಾರೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ರೀಲ್ಸ್ ಮಾಡುತ್ತಾಳೆ. ಆಡಿಷನ್‌ಗೆಂದು ಎರಡು ವಿಡಿಯೊ ತೆಗೆದು ನನಗೆ ತೋರಿಸಿದಳು. ಒಂದರಲ್ಲಿ ಟಿವಿ ವಾರ್ತೆಯ ಕನ್ನಡ, ಇನ್ನೊಂದರಲ್ಲಿ ಮನೆಯಲ್ಲಿ ಆಡುವ ಕನ್ನಡ. ‘ಯಾವುದು ಕಳಿಸಲಿ ಮಾವಾ? ವಾರ್ತೇದನ್ನ ಕಳಿಸಿದ್ರೆ ನನ್ನಂಥವರು ಸಾವಿರ ಜನ ಇರ್ತಾರೆ. ಮನೇದನ್ನ ಕಳಿಸಿದ್ರೆ ತಗೋತಾರೆ, ಆದ್ರೆ ನಗೋಕೆ ತಗೋತಾರೆ.’ ನನಗೆ ಉತ್ತರ ಹೊಳೆಯಲಿಲ್ಲ. ಎರಡೂ ಇನ್ನೂ ಅವಳ ಫೋನಿನಲ್ಲೇ ಇವೆ.