ಎಳೆಯ ಮಕ್ಕಳೊಡನೆ ಯೂರೋಪಿಗೆ ಹೊರಡುವವರು

ಬೇಸಗೆಯ ರಜೆ ಸಮೀಪಿಸಿತೆಂದರೆ ಈಚೆಗೆ ನಮ್ಮ ಅನೇಕ ಮನೆಗಳಲ್ಲಿ ಯೂರೋಪ್ ಪ್ರವಾಸದ ಮಾತು ಏಳುತ್ತದೆ; ಎದ್ದೊಡನೆಯೇ ಪ್ಯಾರಿಸ್, ಲ್ಯೂಸರ್ನ್, ವೆನಿಸ್, ರೋಮ್ ನಗರಗಳನ್ನು ಹತ್ತು ದಿವಸಗಳೊಳಗೆ ಅಡಕಗೊಳಿಸಿದ ಪ್ಯಾಕೇಜ್ ಟೂರಿನ ಪಟ್ಟಿಯೂ ಮುಂದೆ ಬರುತ್ತದೆ. ಅಷ್ಟು ದೂರ, ಅಷ್ಟು ದ್ರವ್ಯವನ್ನು ವ್ಯಯಿಸಿ ಹೋಗುವಾಗ ಪ್ರಸಿದ್ಧವಾದುದೆಲ್ಲವನ್ನೂ ನೋಡಿಬಿಡಬೇಕೆಂಬ ಆಸೆ ಸಹಜವೇ ಸರಿ. ಆದರೆ ಮೂರು ವರ್ಷದ, ಆರು ವರ್ಷದ ಮಕ್ಕಳು ಜೊತೆಯಲ್ಲಿರುವಾಗ, ಈ ಪಟ್ಟಿ ಯಾರ ಕಾಲಿನ ಶಕ್ತಿಯನ್ನು ಅಳೆದು ಸಿದ್ಧವಾದುದೆಂಬ ಪ್ರಶ್ನೆಯನ್ನು ತಂದೆತಾಯಿಗಳು ಕೇಳಿಕೊಳ್ಳದಿರುವುದು ಖೇದಕರ. ಎಳೆಯ ಮಕ್ಕಳುಳ್ಳ ಕುಟುಂಬವು ಒಂದೇ ನಾಡನ್ನು ಆರಿಸಿಕೊಂಡು, ಅಲ್ಲಿಯ ಒಂದೇ ಊರಿನಲ್ಲಿ ನೆಲೆಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ನಾಡು, ಯಾವ ಊರು ಎಂದರೆ, ಹಾಲೆಂಡಿನ ಉಟ್ರೆಕ್ಟ್ ನಗರವನ್ನು ನಾನು ಹೆಸರಿಸುತ್ತೇನೆ.

ವೆನಿಸ್ಸಿನ ಸೌಂದರ್ಯ ಲೋಕವಿಖ್ಯಾತ. ಆದರೆ ಅಲ್ಲಿಯ ನಾನೂರಕ್ಕೂ ಮಿಕ್ಕಿದ ಸೇತುವೆಗಳಲ್ಲಿ ಬಹುಪಾಲು ಮೆಟ್ಟಿಲುಗಳುಳ್ಳವಾದುದರಿಂದ, ತಳ್ಳುಗಾಡಿಯನ್ನೂ ಮಗುವನ್ನೂ ಹೊತ್ತು ಹತ್ತಿ ಇಳಿಯುವುದರಲ್ಲಿಯೇ ದಿನ ಸವೆಯುತ್ತದೆ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಕ್‌ಗೆ 1912ರಲ್ಲಿ ಮುಗಿದ ರೈಲುಮಾರ್ಗ ಮಾನವಸಾಹಸದ ಅದ್ಭುತವೆಂಬುದು ನಿಜ. ಆದರೂ ಹಸುಗೂಸನ್ನು ಕೆಲವೇ ಗಂಟೆಗಳಲ್ಲಿ 3,454 ಮೀಟರ್ ಎತ್ತರಕ್ಕೆ ಒಯ್ಯುವ ಮುನ್ನ ವೈದ್ಯರನ್ನು ಕೇಳುವುದು ಕ್ಷೇಮ. ಆಮ್‌ಸ್ಟರ್‌ಡ್ಯಾಮಿನಲ್ಲಿಯೂ ಕಾಲುವೆಗಳ ಅಂಚಿನಲ್ಲಿ ಅನೇಕ ಕಡೆ ತಡೆಗಂಬಿಗಳಿಲ್ಲ, ಹಳೆಯ ಮನೆಗಳ ಮೆಟ್ಟಿಲುಗಳಂತೂ ಬಲು ಕಡಿದು. ಓಡುವ ಮಗುವಿರುವವರು ಆ ನಗರವನ್ನು ಹಗಲಿನಲ್ಲಿ ನೋಡಿ ಬಂದರೆ ಸಾಕು.

ಉಟ್ರೆಕ್ಟ್ ಆ ದೇಶದ ರೈಲುಮಾರ್ಗಗಳ ಸಂಗಮಸ್ಥಾನ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸ್ಕಿಪೋಲ್ ನಿಲ್ದಾಣದಲ್ಲಿಳಿದರೆ ಅಲ್ಲಿಂದ ಸುಮಾರು ಅರ್ಧ ಗಂಟೆಯ ರೈಲು. ಆಮ್‌ಸ್ಟರ್‌ಡ್ಯಾಮಿಗೂ ಅಷ್ಟೇ, ಹೇಗ್ ನಗರಕ್ಕೆ ಸ್ವಲ್ಪ ಹೆಚ್ಚು. ಬೆಳಿಗ್ಗೆ ಹೊರಟು ಸಂಜೆಗೆ ಅದೇ ಹಾಸಿಗೆಗೆ ಮರಳುವ ಭಾಗ್ಯ ಎಳೆಯರಿಗೆ ಎಷ್ಟು ದೊಡ್ಡದೆಂಬುದು, ದಿನಕ್ಕೊಂದು ಹೋಟೆಲಿನಲ್ಲಿ ಅಳುವ ಮಗುವನ್ನು ಮಲಗಿಸಿದವರಿಗೆ ಗೊತ್ತು. ಅಡಿಗೆಮನೆಯುಳ್ಳ ವಸತಿಯನ್ನು ಹಿಡಿದರೆ ಅನ್ನ ಬೇಯಿಸಿಕೊಳ್ಳಬಹುದು. ಹಾಲು ಮೊಸರು ಎಲ್ಲ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಏಪ್ರಿಲ್ ಮಾಸದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿರುವುದರಿಂದ, ಮನೆಯಲ್ಲಿ ಆರೂವರೆಗೆ ಏಳುವ ಮಗು ಅಲ್ಲಿ ನಸುಕಿನ ಮೂರಕ್ಕೇ ಎದ್ದು ಕೂರುತ್ತದೆ. ಈ ವ್ಯತ್ಯಾಸ ಹೊಂದಿಕೊಳ್ಳಲು ಕೆಲವು ದಿವಸ ಬೇಕು, ಊರೂರು ಅಲೆಯುವವರಿಗೆ ಆ ಬಿಡುವೆಲ್ಲಿ?

ಡಿಕ್ ಬ್ರೂನಾ ಎಂಬ ಚಿತ್ರಕಾರ 1955ರಲ್ಲಿ ಸೃಷ್ಟಿಸಿದ ನೈಂಚೆ ಎಂಬ ಪುಟ್ಟ ಮೊಲಕ್ಕೆ ಉಟ್ರೆಕ್ಟಿನಲ್ಲಿ ಒಂದು ಸಂಗ್ರಹಾಲಯವೇ ಇದೆ. ಅಲ್ಲಿ ಎಲ್ಲವನ್ನೂ ಎಳೆಯರು ಮುಟ್ಟಿ ಆಡುವಂತೆ ರಚಿಸಿದ್ದಾರೆ. ಹೇಗ್ ನಗರದ ಮಾಡುರೋಡಾಮ್ ಇನ್ನೊಂದು ಬಗೆಯದು. ದೇಶದ ಸೌಧಗಳನ್ನೂ ಬಂದರುಗಳನ್ನೂ ಇಪ್ಪತ್ತೈದನೆಯ ಒಂದು ಪಾಲಿಗೆ ಇಳಿಸಿ ಕಟ್ಟಿದ ಆ ಪುಟ್ಟ ನಗರಕ್ಕೆ ಮೂಲಧನವನ್ನಿತ್ತವರು, 1945ರಲ್ಲಿ ದಾಖಾವು ಶಿಬಿರದಲ್ಲಿ ಮಡಿದ ಜಾರ್ಜ್ ಮಾಡುರೋ ಎಂಬ ತರುಣ ಯೋಧನ ತಂದೆತಾಯಿಗಳು. ಮಗನ ಸ್ಮಾರಕವನ್ನು ಮಕ್ಕಳು ನಕ್ಕು ನಲಿಯುವ ಸ್ಥಳವಾಗಿಸಿದ ಆ ಹಿರಿಮನಸ್ಸನ್ನು ನೆನೆದಾಗ ನನಗೆ ಕಂಠ ಬಿಗಿಯುತ್ತದೆ. ಅದು ತೆರೆದುದು 1952ರಲ್ಲಿ. ಅದೇ ವರ್ಷ ತೆರೆದ ಎಫ್ಟೆಲಿಂಗ್ ಉದ್ಯಾನಕ್ಕೆ ಡೆನ್ ಬಾಷ್‌ವರೆಗೆ ರೈಲಿನಲ್ಲಿಯೂ ಮುಂದೆ ಬಸ್ಸಿನಲ್ಲಿಯೂ ಹೋಗಬೇಕು. ಆಂಟನ್ ಪೀಕ್ ಎಂಬ ಕಲಾವಿದನ ಕಲ್ಪನೆಯಿಂದ ಮೂಡಿದ ಅಲ್ಲಿಯ ಕಥಾವನದಲ್ಲಿ, ಬಾಯ್ದೆರೆದು ಕುಳಿತ ಹೊಟ್ಟೆಬಾಕನೊಬ್ಬನ ಪ್ರತಿಮೆ ಕಸದ ಕಾಗದವನ್ನು ಬೇಡಿ, ಕೊಟ್ಟವರಿಗೆ ವಂದನೆ ಹೇಳುತ್ತದೆ. ಅದರ ದನಿ ಕೇಳುವುದಕ್ಕೋಸ್ಕರ ಮಕ್ಕಳು ಕಾಗದದ ಚೂರನ್ನು ಅರಸಿಕೊಂಡು ಓಡುತ್ತವೆ. ಶುಚಿತ್ವವನ್ನು ಇದಕ್ಕಿಂತ ಸುಂದರವಾಗಿ ಕಲಿಸುವ ಪಾಠವನ್ನು ನಾನರಿಯೆ.

ನಮ್ಮ ಶಾಲೆಗಳ ರಜೆಯ ಆರಂಭಕಾಲವೂ ಈ ನಾಡಿಗೆ ಅನುಕೂಲವಾದುದು: ಕ್ಯೂಕೆನ್‌ಹಾಫಿನ ಟ್ಯೂಲಿಪ್ ತೋಟ ತೆರೆದಿರುವುದು ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಮಾತ್ರ. ಏಪ್ರಿಲ್ 27ರ ರಾಜನ ಜನ್ಮದಿನದಂದು ಅಲ್ಲಿಯ ಮಕ್ಕಳು ಬೀದಿಯಲ್ಲಿ ಕಂಬಳಿ ಹಾಸಿ ತಮ್ಮ ಹಳೆಯ ಆಟಿಕೆಗಳನ್ನು ಮಾರುತ್ತಾರೆ. ನಮ್ಮ ಮಗು ಅವರಲ್ಲೊಬ್ಬರಿಂದ ಗೊಂಬೆಯೊಂದನ್ನು ಕೊಂಡಿತೆಂದರೆ ಪರದೇಶದೊಡನೆ ಅದಕ್ಕೆ ನಿಜವಾದ ಪರಿಚಯವಾಯಿತು. ಗಾಳಿಮಳೆಗಳೂ ಚಳಿಯೂ ಇರುತ್ತವೆ, ಬೆಚ್ಚನೆಯ ಉಡುಪು ಅವಶ್ಯ. ಷೆಂಗೆನ್ ವೀಸಾಕ್ಕೆ ಆರು ವರ್ಷದೊಳಗಿನವರಿಗೆ ಶುಲ್ಕವಿಲ್ಲ, ಹನ್ನೆರಡರೊಳಗಿನವರಿಗೆ ಅರ್ಧ ಮಾತ್ರ.

ಪ್ಯಾರಿಸ್ಸನ್ನು ಬಿಟ್ಟಿರಲಾರದವರು ರಾಟರ್‌ಡ್ಯಾಮಿನಿಂದ ಮೂರು ಗಂಟೆಯೊಳಗೆ ರೈಲಿನಲ್ಲಿ ಅಲ್ಲಿಗೆ ತಲುಪಬಹುದು. ಹದಿನೆಂಟರೊಳಗಿನವರಿಗೆ ಲೂವ್ರ್ ಸಂಗ್ರಹಾಲಯ ಉಚಿತವಾದ್ದರಿಂದ ಒಂದು ಗಂಟೆಯಲ್ಲಿ ಹೊರಬಂದರೂ ಮಕ್ಕಳ ಮಟ್ಟಿಗೆ ನಷ್ಟವಿಲ್ಲ. ಉಳಿದ ಹೊತ್ತನ್ನು ಲಕ್ಸೆಂಬರ್ಗ್ ಉದ್ಯಾನದ ಕೊಳಕ್ಕೆ ಮೀಸಲಿಡಲಿ, ಅಲ್ಲಿ ಬಾಡಿಗೆಗೆ ಸಿಗುವ ಆಟದ ಹಾಯಿದೋಣಿಗಳನ್ನು ಮಕ್ಕಳು ಕೋಲಿನಿಂದ ನೂಕಿ ತೇಲಿಸುತ್ತಾರೆ.