ಮೂರು ದಿನದ ರಜೆ: ತಂಗುವುದೆಲ್ಲಿ, ತಿರುಗುವುದೆಲ್ಲಿ?

ಮಕ್ಕಳಿಗೆ ರಜೆ ಬಂತೆಂದರೆ ಮನೆಯಲ್ಲಿ ಒಂದೇ ಗಲಾಟೆ. "ಅಮ್ಮಾ, ಎಲ್ಲಿಗಾದರೂ ಹೋಗೋಣ" ಅಂತ ಮಕ್ಕಳು. "ಆಯ್ತು, ನೀನೇ ಯೋಚನೆ ಮಾಡು" ಅಂತ ಯಜಮಾನರು. ಯಾವ ಊರು ನೋಡಬೇಕೆಂದು ಹೇಳಲು ಹತ್ತು ಜನ ಮುಂದೆ ಬರುತ್ತಾರೆ. ರಾತ್ರಿ ಎಲ್ಲಿ ತಂಗಬೇಕೆಂಬುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ. ಕೊನೆಗೆ ಕತ್ತಲಾದ ಮೇಲೆ ಗೊತ್ತಿಲ್ಲದ ಊರಿನ ಬಸ್ ನಿಲ್ದಾಣದಲ್ಲಿ ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಲ್ಲುವವರು ಯಾರು? ನಾವೇ ಅಲ್ಲವೇ?

ಆದ್ದರಿಂದ ಸೋದರಿಯರೇ, ಪುಟ್ಟ ಪ್ರವಾಸಕ್ಕೆ ಮೊದಲು ಗೊತ್ತು ಮಾಡಬೇಕಾದದ್ದು ತಂಗುವ ಜಾಗ. ಒಂದು ಊರಿನಲ್ಲಿ ಗಂಟುಮೂಟೆ ಇಳಿಸಿ, ಅಲ್ಲಿಂದ ಬೆಳಿಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿ ಬರುವಂತಿರಬೇಕು. ದಿನಕ್ಕೊಂದು ಊರು, ದಿನಕ್ಕೊಂದು ರೂಮು ಎಂದರೆ ಬಟ್ಟೆ ಮಡಿಸುವುದರಲ್ಲೇ ನಮ್ಮ ರಜೆ ಮುಗಿದುಹೋಗುತ್ತದೆ.

ಈ ಸಲ ಕೋಲಾರದ ಚಿನ್ನದ ಗಣಿಯ ಕಡೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2018ರಲ್ಲಿ 'ಕೆ.ಜಿ.ಎಫ್.' ಚಿತ್ರ ಬಂದ ಮೇಲಂತೂ ಉರಿಗಾಂ ನೋಡಬೇಕೆಂದು ಹಟ ಹಿಡಿಯುವ ಮಕ್ಕಳು ಬಹಳ. "ಹಾಗಾದರೆ ಉರಿಗಾಂನಲ್ಲೇ ರೂಮು ಹಿಡಿಯೋಣವೇ?" ಎಂದು ಕೇಳಿದರೆ, ಸ್ವಲ್ಪ ತಾಳಿ ಎನ್ನುತ್ತೇನೆ.

ಮೂರು ಊರು, ಮೂರು ಅನುಕೂಲ

ಉರಿಗಾಂ ಎಂಬುದು ಗಣಿಯ ಸುತ್ತ ಬೆಳೆದ ವಸತಿಗಳ ಊರು. ಅಂಗಡಿ, ಹೋಟೆಲು, ಮಾರುಕಟ್ಟೆಯ ಓಡಾಟವೆಲ್ಲ ಪಕ್ಕದ ರಾಬರ್ಟ್‌ಸನ್‌ಪೇಟೆಯಲ್ಲಿ. ಆಟೋದಲ್ಲಿ ಹೋಗಿಬರುವಷ್ಟೇ ದೂರ. ಗಣಿಯ ಊರನ್ನೇ ನಿಧಾನವಾಗಿ ನೋಡುವ ಆಸೆಯಿದ್ದರೆ ರಾಬರ್ಟ್‌ಸನ್‌ಪೇಟೆಯಲ್ಲಿ ತಂಗಿ.

ಆವಣಿ, ಮುಳಬಾಗಿಲು, ಅಂತರಗಂಗೆ ಅಂತ ದೇವಸ್ಥಾನ, ಬೆಟ್ಟಗಳ ಕಡೆ ಮನಸ್ಸಿದ್ದರೆ ಕೋಲಾರವೇ ಸರಿ. ಹೆದ್ದಾರಿಯ ಮೇಲಿನ ಜಿಲ್ಲಾ ಕೇಂದ್ರ, ಬಸ್ಸಿಗೆ ಕೊರತೆಯಿಲ್ಲ.

ಗಣಿಯೂ ಬೇಕು, ಕೋಲಾರವೂ ಬೇಕು, ಜೊತೆಗೆ ಅತ್ತೆಯವರೂ ಚಿಕ್ಕ ಮಕ್ಕಳೂ ಇದ್ದಾರೆ ಎನ್ನುವವರಿಗೆ ಬಂಗಾರಪೇಟೆ ಹಿತ. ಒಂದು ಕಾಲಕ್ಕೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರು ದೊಡ್ಡ ರೈಲ್ವೆ ಜಂಕ್ಷನ್. ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು 70 ಕಿಲೋಮೀಟರು. ಇಲ್ಲಿಂದ ಗಣಿಯ ಕಡೆಗೆ ರೈಲು, ಕೋಲಾರದ ಕಡೆಗೆ ಬಸ್ಸು.

ನೆಂಟರ ಮನೆ ಇದೆಯಲ್ಲಾ, ರೂಮಿನ ಖರ್ಚೇಕೆ ಅಂತೀರಾ? ಧಾರಾಳವಾಗಿ ಹೋಗಿ ನೋಡಿಕೊಂಡು ಬನ್ನಿ. ಆದರೆ ನಾಲ್ಕೈದು ಜನ ಎರಡು ರಾತ್ರಿ ಉಳಿದರೆ ಆ ಮನೆಯ ಹೆಣ್ಣುಮಗಳಿಗೂ ಒಲೆಯ ಮುಂದಿನ ಕೆಲಸ ತಪ್ಪದು, ಕೈ ಕಟ್ಟಿ ಕೂರಲಾರದೆ ನಾವೂ ಅಡಿಗೆಮನೆ ಸೇರುತ್ತೇವೆ. ವರುಷಕ್ಕೊಂದು ಸಲ ಸಿಗುವ ಬಿಡುವು ಇನ್ನೊಬ್ಬರ ಮನೆಯ ಪಾತ್ರೆ ತೊಳೆಯುವುದರಲ್ಲಿ ಕಳೆಯಬೇಕೆ? ಈ ಮಾತನ್ನು ಯಜಮಾನರಿಗೆ ಸಮಾಧಾನವಾಗಿ, ಹೊರಡುವುದಕ್ಕೆ ಮೊದಲೇ ಹೇಳಿಬಿಡಿ. ಖರ್ಚಿನ ಪಟ್ಟಿಯಲ್ಲಿ ಮನೆಯವಳ ವಿಶ್ರಾಂತಿಗೂ ಒಂದು ಸಾಲು ಇರಲಿ.

ರೂಮು ನೋಡುವಾಗ

ಮುಂಗಡ ಕೊಡುವ ಮೊದಲು ಇಷ್ಟು ವಿಚಾರಿಸಿ. ನೀರು ದಿನವಿಡೀ ಬರುತ್ತದೆಯೇ? ಕೋಲಾರದ ಕಡೆ ಬೇಸಿಗೆಯಲ್ಲಿ ಇದು ಮೊದಲ ಪ್ರಶ್ನೆ. ಬಿಸಿನೀರು ಎಷ್ಟು ಹೊತ್ತಿಗೆ? ಕಕ್ಕಸು ರೂಮಿನೊಳಗೇ ಇದೆಯೇ? ವಯಸ್ಸಾದವರಿಗೆ ಕೆಳ ಅಂತಸ್ತಿನಲ್ಲಿ ಜಾಗ ಉಂಟೇ? ಬಾಗಿಲ ಚಿಲಕ, ಕಿಟಕಿಯ ಕೊಂಡಿ ಭದ್ರವಾಗಿವೆಯೇ? ಕೆಳಗೇ ಗಿರಾಕಿಗಳ ಗದ್ದಲದ ಬಾರ್ ಇದ್ದರೆ, ಬಾಡಿಗೆ ಎಷ್ಟೇ ಕಡಿಮೆಯಾದರೂ ಬೇಡ. ಊರಾಚೆ ನೂರು ರೂಪಾಯಿ ಅಗ್ಗದ ರೂಮು ಹಿಡಿದು, ಆಟೋಗೆ ಇನ್ನೂರು ತೆರುವುದೂ ಜಾಣತನವಲ್ಲ. ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದ್ದರೆ ಉತ್ತಮ.

ಮೊದಲ ದಿನ

ಮಧ್ಯಾಹ್ನದೊಳಗೆ ಬಂಗಾರಪೇಟೆ ಸೇರಿ, ಎಲ್ಲರೂ ಒಂದು ಗಳಿಗೆ ಅಡ್ಡಾಗಿ. ಸಂಜೆ ಪೇಟೆ ಬೀದಿಯಲ್ಲಿ ಒಂದು ಸುತ್ತು. ಇಲ್ಲಿಯ ಪಾನಿಪುರಿಯ ಹೆಸರು ಕೇಳಿರುತ್ತೀರಿ. ಬೇರೆ ಕಡೆಯ ಹಾಗೆ ಹಸಿರು ಪಾನಿಯಲ್ಲ, ನೋಡಲು ಬರೀ ತಿಳಿನೀರು. ಬಾಯಿಗಿಟ್ಟ ಮೇಲೆ ತಾನೇ ಖಾರ ಗೊತ್ತಾಗುವುದು! ಪುಟ್ಟ ಮಕ್ಕಳಿಗೆ ಮೊದಲು ಒಂದೇ ಒಂದು ಕೊಟ್ಟು ನೋಡಿ.

ಎರಡನೆಯ ದಿನ

ಬೆಳಿಗ್ಗೆ ಮಾರಿಕುಪ್ಪಂ ರೈಲು ಹಿಡಿಯಿರಿ. 1894ರಲ್ಲಿ ಆರಂಭವಾದ ಈ ದಾರಿ ಬರೀ 16 ಕಿಲೋಮೀಟರು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ಸಾಲು ನಿಲ್ದಾಣಗಳು. ಬೆಳಗಿನ ಹೊತ್ತು ಎದುರಿನಿಂದ ಬೆಂಗಳೂರಿಗೆ ಹೋಗುವ ಗಾಡಿಗಳು ಕಾಲಿಡಲು ಜಾಗವಿಲ್ಲದಷ್ಟು ತುಂಬಿರುವುದನ್ನು ಮಕ್ಕಳಿಗೆ ತೋರಿಸಿ. 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಶುರು ಮಾಡಿದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತುಹೋಯಿತು. ಆಮೇಲೆ ಈ ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುವವರಿಂದ. ಆ ಗಂಡಸರಿಗೂ ಹೆಂಗಸರಿಗೂ ನಸುಕಿನಲ್ಲೇ ಬುತ್ತಿ ಕಟ್ಟುವ ಕೈಗಳು ಎಷ್ಟು ಗಂಟೆಗೆ ಎದ್ದಿರಬೇಕೆಂಬುದು ನಮಗೆ ಬೇರೆ ಹೇಳಬೇಕಾಗಿಲ್ಲ.

ಉರಿಗಾಂನಲ್ಲಿ ಇಳಿದರೆ ಚಿನ್ನವೇನೂ ಕಾಣುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ಗಣಿಯೊಳಗೆ ಪ್ರವೇಶವಿಲ್ಲ. ಕಾಣುವುದು ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರ, ಬ್ರಿಟಿಷರ ಕಾಲದ ಬಂಗಲೆ, ಚರ್ಚುಗಳು, ಕಾರ್ಮಿಕರ ಸಾಲುಮನೆಗಳು. ಆದರೆ ಕಾಲ ಕೆಳಗಿನ ನೆಲದ ಕಥೆ ದೊಡ್ಡದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದದ್ದು ಬೆಂಗಳೂರಿಗಿಂತ ಮೊದಲು ಈ ಗಣಿಗಳಿಗೆ.

ಎರಡು ಎಚ್ಚರಿಕೆ. ದೂರದಿಂದ ಬೋಳುಗುಡ್ಡಗಳ ಹಾಗೆ ಕಾಣುವುದು ಸೈನೈಡ್ ದಿಬ್ಬ, ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಸಿನಿಮಾದಲ್ಲಿ ಕಂಡ ಜಾಗವೆಂದು ಮಕ್ಕಳು ಹತ್ತಲು ಓಡಿದರೆ ಬಿಡಬೇಡಿ. ಗಾಳಿಗೆ ಏಳುವ ಆ ದೂಳು ಕಣ್ಣಿಗೂ ಎದೆಗೂ ಒಳ್ಳೆಯದಲ್ಲ. ಪಾಳುಬಿದ್ದ ಗಣಿಯ ಕಟ್ಟಡಗಳೊಳಗೂ ಹೋಗಬೇಡಿ. ಎರಡನೆಯದು, ಸಾಲುಮನೆಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಬಾಗಿಲಲ್ಲಿ ನಿಂತು ಇಣುಕುವುದು, ಕೇಳದೆ ಫೋಟೋ ಹಿಡಿಯುವುದು ಬೇಡ. ನಮ್ಮ ಹಿತ್ತಿಲಿಗೆ ಯಾರಾದರೂ ಹಾಗೆ ಬಂದರೆ ಸುಮ್ಮನಿರುತ್ತೇವೆಯೇ? ಒಂದು ನಗು, ಎರಡು ಮಾತು ಸಾಕು. ತಮಿಳು, ತೆಲುಗು, ಕನ್ನಡ ಮೂರೂ ಓಡಾಡುವ ಊರಿದು. ಗಣಿಯಲ್ಲಿ ದುಡಿದ ಹಿರಿಯರು ಮಾತಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪಾಠ ಮಕ್ಕಳಿಗೆ ಇನ್ನೊಂದಿಲ್ಲ.

ಊಟ ರಾಬರ್ಟ್‌ಸನ್‌ಪೇಟೆಯಲ್ಲಿ ಮುಗಿಸಿ. ಸಂಜೆ ಹತ್ತಿರದ ಕಮ್ಮಸಂದ್ರದ ಕೋಟಿಲಿಂಗೇಶ್ವರ. 108 ಅಡಿಯ ಲಿಂಗ, ಎದುರಿಗೆ 35 ಅಡಿಯ ನಂದಿ, ಸುತ್ತ ಭಕ್ತರು ಪ್ರತಿಷ್ಠಾಪಿಸಿದ ಸಾವಿರ ಸಾವಿರ ಲಿಂಗಗಳು. ನಡುಮಧ್ಯಾಹ್ನ ಹೋದರೆ ಬರಿಗಾಲಿಗೆ ನೆಲ ಸುಡುತ್ತದೆ. ನಾಲ್ಕರ ಮೇಲೆ ಹೋದರೆ ಅತ್ತೆಯವರಿಗೂ ಸುಖ. ಹಿಂದಿರುಗುವ ಗಾಡಿಯ ಹೊತ್ತನ್ನು ಬೆಳಿಗ್ಗೆಯೇ ಕೇಳಿ ಬರೆದಿಟ್ಟುಕೊಳ್ಳಿ.

ಮೂರನೆಯ ದಿನ

ರೂಮು ಬಿಟ್ಟು ಕೋಲಾರಕ್ಕೆ. ತಂಪುಹೊತ್ತಿನಲ್ಲೇ ಅಂತರಗಂಗೆಯ ಮೆಟ್ಟಿಲು ಹತ್ತಿ. ಕಲ್ಲು ಬಸವನ ಬಾಯಿಂದ ನೀರು ಬೀಳುವುದನ್ನು ನೋಡಬಹುದು. ಕೋತಿಗಳ ಕಾಟವಿದೆ, ಬುತ್ತಿಯ ಚೀಲ ಕೈಯಲ್ಲಿ ತೂಗಾಡಿಸಬೇಡಿ. ಆಮೇಲೆ ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಸ್ಥಾನ. ಅಲ್ಲಿಂದಲೇ ಮನೆಯ ಬಸ್ಸು.

ಆವಣಿಯ ರಾಮಲಿಂಗೇಶ್ವರ, ಕುರುಡುಮಲೆಯ ದೊಡ್ಡ ಗಣಪತಿ, ಮುಳಬಾಗಿಲು ದೋಸೆ? ಅವೆಲ್ಲ ಇನ್ನೊಂದು ರಜೆಗಿರಲಿ. ಆಗ ಕೋಲಾರದಲ್ಲಿ ತಂಗಿದರಾಯಿತು. ಮಾವಿನ ಕಾಲವಾದರೆ ಶ್ರೀನಿವಾಸಪುರವನ್ನೂ ಸೇರಿಸಿಕೊಳ್ಳಿ. ಎಲ್ಲವನ್ನೂ ಒಂದೇ ಸಲ ತುರುಕಿದರೆ ಯಾವುದೂ ನೆನಪಿನಲ್ಲಿ ಉಳಿಯದು.

ಚೀಲದಲ್ಲಿ

ಚಪಾತಿ, ಚಟ್ನಿಪುಡಿ, ಹುಳಿ ಗೊಜ್ಜು ಬೆರೆಸಿದ ಪುಳಿಯೋಗರೆ ಮೊದಲ ದಿನದ ಬುತ್ತಿಗೆ ಸಾಕು. ತೆಂಗಿನಕಾಯಿ ಹಸಿಯಾಗಿ ಹಾಕಬೇಡಿ, ಹಳಸುತ್ತದೆ. ಮುಂದಿನ ಎರಡು ದಿನ ಹೋಟೆಲಿನ ಇಡ್ಲಿಯೇ ಆಗಲಿ, ಒಲೆಗೂ ರಜೆ ಬೇಕಲ್ಲ. ಕುಡಿಯುವ ನೀರು, ಜ್ವರದ ಮಾತ್ರೆ, ಒಂದು ಹಳೆಯ ಸೀರೆ (ಹಾಸಲಿಕ್ಕೂ ಆಯಿತು, ಹೊದೆಯಲಿಕ್ಕೂ ಆಯಿತು) ಮರೆಯದಿರಿ. ಆಧಾರ್ ಕಾರ್ಡು ಕೈಚೀಲದಲ್ಲೇ ಇರಲಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಆ ಉಳಿತಾಯವನ್ನು ನಿಲ್ದಾಣದ ಹತ್ತಿರದ, ನೀರು ಬರುವ, ಗಾಳಿಬೆಳಕಿನ ರೂಮಿಗೆ ಹಾಕಿ.

ಹಿಂದಿರುಗಿದ ಮರುದಿನ ಸೊಂಟ ನೋವು, ಬಟ್ಟೆಯ ರಾಶಿ ಎಂದು ಕೊರಗುವ ಹಾಗಾದರೆ ಅದು ರಜೆಯೇ ಅಲ್ಲ. ಕಡಿಮೆ ನೋಡಿ, ನಿಧಾನವಾಗಿ ನೋಡಿ, ನೀವೂ ಒಂದು ಮಧ್ಯಾಹ್ನ ಕಾಲು ಚಾಚಿ ನಿದ್ದೆ ಮಾಡಿ ಬನ್ನಿ.